ಹಗೇವಿನಲ್ಲಿ ಬಿಸಿಲು

ಕಾಕು ಬಲಗೈಯನ್ನು ಪಡುವಣಕ್ಕೆ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ನಾಲ್ಕು ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ ಸೂರ್ಯನ ಬುಡಕ್ಕೆ ಹಿಡಿಯುತ್ತಿದ್ದರು. ತೋರುಬೆರಳು ಸೂರ್ಯನ ಅಡಿಗೆ ತಾಗಬೇಕು, ಕಿರುಬೆರಳು ದೂರದ ಕಬ್ಬಿನ ಗರಿಗಳ ಗೆರೆಗೆ. ರೊಟ್ಟಿ ಬಡಿಯುತ್ತಿದ್ದವರು ನಡುವೆಯೇ ಎದ್ದು ಬಂದಿರುತ್ತಿದ್ದರಿಂದ ಬೆರಳ ಸಂದಿಗಳಲ್ಲಿ ಜೋಳದ ಹಿಟ್ಟು ಒಣಗಿ ಬೆಳ್ಳಗಿರುತ್ತಿತ್ತು. ಕೈ ಎತ್ತಿದಾಗ ಹಸಿರು ಗಾಜಿನ ಬಳೆಗಳು ಮೊಣಕೈಯತ್ತ ಜಾರುತ್ತಿದ್ದವು.

“ಇನ್ನ ನಾಕ ಬಟ್ಟ ಹೊತ್ತೈತಿ. ಎಲ್ಲಾರೂ ಕೈಕಾಲ ತೊಳಕೊಂಡ ಬರ್ರಿ.”

ಬಳೆಗಳ ಬಣ್ಣದ ಬಗ್ಗೆ ನನಗೆ ಸಂಶಯವೇ ಇರಲಿಲ್ಲ, ಈಚೆಗೆ ಕುಲಗೋಡದಲ್ಲಿರುವ ನನ್ನ ಅಕ್ಕನಿಗೆ ಇದನ್ನು ಹೇಳುವವರೆಗೆ. “ಹುಚ್ಚ ಅದೀ ಏನ? ಕಾಕು ಎಂದ ಗಾಜಿನ ಬಳಿ ಹಾಕೋತಿದ್ದರು? ಅವರ ಕೈಯಾಗ ಬಂಗಾರದ ಬಿಲವಾರ ಇರತಿದ್ದೂ,” ಎಂದಳು. ನಾನು ಹಸಿರು ಎಂದೆ, ಅವಳು ಬಂಗಾರ ಎಂದಳು. ಒಂದು ಫೋಟೋ ಇದ್ದಿದ್ದರೆ ಜಗಳ ಮುಗಿಯುತ್ತಿತ್ತು. ಕಾಕು ಫೋಟೋಕ್ಕೆ ನಿಂತವರಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಪ್ರತಿ ಅಳತೆಯ ಪಕ್ಕದಲ್ಲಿ ಅದು ಎಷ್ಟು ತಪ್ಪಿರಬಹುದು ಎಂದು ಬರೆಯುವುದನ್ನು ಕಲಿಸಿದ್ದರು. ನೆನಪಿಗೆ ಆ ಸೌಲಭ್ಯವಿಲ್ಲ. ಅದು ತಪ್ಪಿದ್ದಷ್ಟೂ ಖಚಿತವಾಗಿ ಕಾಣುತ್ತದೆ. ಆದ್ದರಿಂದ ಮುಂದೆ ಬರೆಯುವುದನ್ನೆಲ್ಲ ಬಳೆಗಳ ಹಾಗೆಯೇ ಓದಿಕೊಳ್ಳಬೇಕು.

ಕಾಕು ನನಗೆ ಸಂಬಂಧಿಯಲ್ಲ. ಕಲ್ಲೋಳಿಯಿಂದ ಮೂಡಲಗಿ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಕಾಲುವೆ ದಾಟಿದರೆ ಅವರ ತೋಟದ ಮನೆ. ಅದರ ಮಗ್ಗುಲಿನ ಹೊಲ ನಮ್ಮದು. ಅವರು ಜೈನರು, ನಾವು ಲಿಂಗಾಯತರು. ಅವರ ಮನೆಯಲ್ಲಿ ಅರ್ಧ ಮಾತು ಮರಾಠಿಯಲ್ಲಿ ನಡೆಯುತ್ತಿತ್ತು, ಹೀಗಾಗಿ ಆ ಸಾಲಿನ ತೋಟದವರೆಲ್ಲ ಆ ದಂಪತಿಯನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದರು. ಮಕ್ಕಳಿರಲಿಲ್ಲ. ನಾನು ಕಲ್ಲೋಳಿಯ ಹೈಸ್ಕೂಲಿನಿಂದ ಬರುವ ಹೊತ್ತಿಗೆ ಅವರ ಒಲೆ ಉರಿಯುತ್ತಿರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ, ಉಣಿಸುವವರೂ ಅಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಬಹಳ ತಡವಾಗುತ್ತಿತ್ತು. ನಾನು ಎರಡೂ ಕಡೆ ಉಂಡು ಬೆಳೆದೆ.

ಒಮ್ಮೆ ಆಟವಾಡಿ ತಡವಾಗಿ ಹೋದಾಗ ಕಾಕು ಪಾತ್ರೆ ಬೋರಲು ಹಾಕಿ ಕೂತಿದ್ದರು. “ಸೂರ್ಯಾ ನಿನ್ನ ಸಲುವಾಗಿ ನಿಂದರತಾನೇನೋ?” ಎಂದಿದ್ದರು. ಇಷ್ಟು ಮಾತ್ರ ಅಕ್ಕನೂ ಒಪ್ಪುತ್ತಾಳೆ, ಏಕೆಂದರೆ ಅವಳಿಗೂ ಹಾಗೆಯೇ ಆಗಿತ್ತಂತೆ.

ತೋಟದ ಯಜಮಾನಿಕೆ ಕಾಕುವಿನದು. ಕಾಕಾ ಮೆತ್ತನೆಯ ಮನುಷ್ಯ, ದಮ್ಮಿನ ಜಡ್ಡು. ಮಾತಾಡಿದರೆ ತುಂಡು ತುಂಡಾಗಿ, ನಡುವೆ ಉಸಿರಿಗಾಗಿ ಕಾಯ್ದು. ಆದರೂ ಆ ತುಂಡುಗಳಲ್ಲೇ ನಗಿಸುತ್ತಿದ್ದರು. ಬಿತ್ತನೆ, ಆಳು, ಕಬ್ಬಿನ ಕಟಾವು, ಎಲ್ಲ ಕಾಕು ನೋಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಹೆಮ್ಮೆ ಇದ್ದದ್ದು ಅಂಗಳದ ಹಗೇವಿನಲ್ಲಿ. ನೆಲದೊಳಗೆ ಬಾವಿಯ ಹಾಗೆ ತೋಡಿ, ಒಳಗೆ ಕಣಕಿಯ, ಅಂದರೆ ಜೋಳದ ಒಣ ದಂಟಿನ, ಹಾಸು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ ಅದು. ಸುಗ್ಗಿಯಲ್ಲಿ ಮುಚ್ಚಿದ್ದನ್ನು ಬೇಕಾದಾಗ ತೆರೆಯುವುದು. ಬಾಯಿ ತೆರೆದ ಕೂಡಲೇ ಯಾರೂ ಇಳಿಯಕೂಡದು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಕು ಅದರ ಪಕ್ಕದಲ್ಲೇ ಕಾವಲು ಕೂಡುತ್ತಿದ್ದರು. ನಮ್ಮ ಕಡೆ ಎಲ್ಲರೂ ಹಗೇವು ಮುಚ್ಚಿ ಚೀಲಗಳಿಗೆ ಬಂದ ಮೇಲೂ ಅವರು ಬಿಡಲಿಲ್ಲ. ಬಿಸಿಲು ಕಂಡ ಕಾಳು, ಒಣಗಿದ ಬೇವಿನ ಎಲೆ, ಗಟ್ಟಿ ಮುಚ್ಚಳ, ಇಷ್ಟಿದ್ದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ ಎನ್ನುತ್ತಿದ್ದರು. ಕೆಡುತ್ತಲೂ ಇರಲಿಲ್ಲ. ಆ ಹಗೇವೇ ಮುಂದೆ ನನ್ನ ತಲೆ ತಿಂದಿತು.

ಎರಡು ಸಾವಿರದ ಆಸುಪಾಸು. ನಾನಾಗ ಗೋಕಾಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ವಿದ್ಯುತ್ ಕಂಬಗಳು ಕಾಲುವೆಯ ಆಚೆ ದಂಡೆಗೆ ಬಂದು ನಿಂತಿದ್ದವು, ಈಚೆ ದಾಟಿರಲಿಲ್ಲ. ಕಾಕಾನ ದಮ್ಮು ಮಳೆಗಾಲದಲ್ಲಿ ಏರುತ್ತಿತ್ತು. ಪ್ರತಿ ಸಲ ಅವರನ್ನು ಕೆಸರಿನಲ್ಲಿ ಟ್ರ್ಯಾಕ್ಟರ್ ಮೇಲೆ ಕೂರಿಸಿ ರಸ್ತೆಗೆ ತಂದು, ಅಲ್ಲಿಂದ ಡಾಕ್ಟರ ಹತ್ತಿರ ಒಯ್ಯಬೇಕು. ಅಲ್ಲಿ ಔಷಧವನ್ನು ಹೊಗೆಯಂತೆ ಮಾಡಿ ಮುಖವಾಡದಲ್ಲಿ ಬಿಡುವ ಯಂತ್ರವಿತ್ತು. ಕಾಲು ಗಂಟೆಯಲ್ಲಿ ಮನುಷ್ಯ ಮನುಷ್ಯನಾಗುತ್ತಿದ್ದ. ಒಂದು ಸಲ ಡಾಕ್ಟರು, “ಬಾಯಾರ, ಹಿಂಗ ಪ್ರತಿ ಸಲಾ ದಾರ್ಯಾಗ ಹೊತ್ತ ಕಳದರ ಒಂದ ದಿನಾ ಇಲ್ಲಿತನಕಾ ಮುಟ್ಟೂದಿಲ್ರಿ. ಮಶಿನ್ ಮನ್ಯಾಗ ಇಡ್ರಿ,” ಎಂದುಬಿಟ್ಟರು. ಕಾಕು ಅವತ್ತೇ ಮಶಿನ್ ಕೊಂಡರು. ಮನೆಗೆ ತಂದು ಬಟ್ಟೆ ಮುಚ್ಚಿ ಕಪಾಟಿನಲ್ಲಿಟ್ಟರು. ಕರೆಂಟಿಲ್ಲ.

ನನಗೆ ಹೇಳಿಕಳಿಸಿದರು. ಸೌರ ಫಲಕ, ಬ್ಯಾಟರಿ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿಸುವ ಇನ್ವರ್ಟರ್, ಇದೆಲ್ಲ ಆಗ ತೋಟದ ಮನೆಗಳಿಗೆ ಹೊಸದಾಗಿ ಬರುತ್ತಿತ್ತು. ನಾನು ಖುಷಿಯಿಂದ ಕೂತು ಲೆಕ್ಕ ಮಾಡಿದೆ. ಮಶಿನ್ ದಿನಕ್ಕೆ ಎಷ್ಟು ಸಲ ಓಡುತ್ತದೆ, ದೀಪಗಳು ಎಷ್ಟು ಹೊತ್ತು ಉರಿಯುತ್ತವೆ, ಇನ್ವರ್ಟರ್ ತಾನೇ ಎಷ್ಟು ತಿನ್ನುತ್ತದೆ, ಶ್ರಾವಣದ ಮೋಡದಲ್ಲಿ ಎಷ್ಟು ಬಿಸಿಲು ಸಿಕ್ಕೀತು. ಬಿಸಿಲು ಅತಿ ಕಡಿಮೆ ಇರುವ ತಿಂಗಳನ್ನು ಹಿಡಿದು ಫಲಕ ನಿರ್ಧರಿಸಬೇಕು. ಮೋಡದ ಎರಡು ಮೂರು ದಿನ ತಾಳುವಷ್ಟು ಬ್ಯಾಟರಿ, ಆಮೇಲೆ ಬಿಸಿಲು ಬಿದ್ದಾಗ ಆ ಬ್ಯಾಟರಿಯನ್ನು ಬೇಗ ತುಂಬಿಸುವಷ್ಟು ಫಲಕ. ಉತ್ತರ ಸರಳವಾಗಿತ್ತು: ದೊಡ್ಡ ಫಲಕ ಎರಡು, ಬ್ಯಾಟರಿ ಒಂದು.

“ಎರಡ ಯಾಕೋ ತಮ್ಮಾ?” ಎಂದರು ಕಾಕು.

“ಮಳಿಗಾಲದಾಗ ಬಿಸಲ ಕಡಿಮಿ ಇರತೈತ್ರಿ ಕಾಕು.”

“ಬಿಸಲ ಇಲ್ಲಂದ ಮ್ಯಾಲ ಎರಡ ಇಟ್ಟರೇನು, ಹತ್ತ ಇಟ್ಟರೇನು? ಬ್ಯಾಸಗಿ ಬಿಸಲ ನೋಡು, ಹಂಗ ಹಾಳಾಗಿ ಹೋಗತೈತಿ. ಅದನ್ನ ತುಂಬಿ ಇಡೂದು, ಮಳಿಗಾಲದಾಗ ತಗಿಯೂದು. ಒಂದ ಹಲಿಗಿ ಸಾಕು, ಬ್ಯಾಟರಿ ಮೂರ ಇರಲಿ.”

“ಬ್ಯಾಟರಿ ಅಂದರ ಹಗೇವ ಅಲ್ರಿ.”

“ಮತ್ತೇನ ಅದು?”

ಯೋಚಿಸಿ ಹೇಳಿದೆ: “ತೂತಿನ ಕೊಡಾ ಇದ್ದಂಗ್ರಿ. ಒಂದೀಟ ಒಂದೀಟ ಸೋರತಿರತೈತಿ. ದಿನಾ ತುಂಬಬೇಕು.”

“ತೂತಿನ ಕೊಡಾ ರೊಕ್ಕಾ ಕೊಟ್ಟ ಯಾಕ ತರಬೇಕಪಾ? ಇದನ್ನ ಕಲ್ಯಾಕ ಧಾರವಾಡಕ್ಕ ಹೋಗಿದ್ದೇನ?”

ಹೊರಸಿನ ಮೇಲಿಂದ ಕಾಕಾ ನಕ್ಕರು. ನಕ್ಕದ್ದು ಕೆಮ್ಮಾಯಿತು. ಕಾಕು ಎದ್ದು ಹೋಗಿ ಬೆನ್ನು ತಿಕ್ಕಿ ಬಂದು ಮತ್ತೆ ಕೂತರು.

“ಇಲ್ನೋಡು, ದೀಪದ ಲೆಕ್ಕಾ ವರ್ಷಪೂರ್ತಿ ಯಾಕ ಹಿಡದೀ? ಚಾತುರ್ಮಾಸದಾಗ ನಮ್ಮ ಮನ್ಯಾಗ ದೀಪಾ ಹಚ್ಚಂಗಿಲ್ಲ. ಹುಳಾ ಬಂದ ಬೀಳತಾವು. ಇಲ್ಲೇ ಉಂಡ ಬೆಳದಾಂವ, ಮರತೀ?”

ಎಲ್ಲ ಜೈನ ಮನೆಗಳಲ್ಲೂ ಹೀಗಿತ್ತೋ ಇಲ್ಲವೋ ಗೊತ್ತಿಲ್ಲ, ಆ ಮನೆಯಲ್ಲಿತ್ತು. ಮಳೆಯ ನಾಲ್ಕು ತಿಂಗಳು ಕತ್ತಲಾದ ಮೇಲೆ ಒಂದು ಸಣ್ಣ ಕಂದೀಲು ಬಿಟ್ಟರೆ ಬೆಳಕಿಲ್ಲ. ಹಾಳೆಯಿಂದ ದೀಪಗಳನ್ನು ಹೊಡೆದುಹಾಕಿ ಮತ್ತೆ ಲೆಕ್ಕ ಮಾಡಿದೆ. ದೀಪ ಹೋದರೂ ಮಳೆಗಾಲದಲ್ಲಿ ಮಶಿನ್ನಿನ ಖರ್ಚು ಏರುತ್ತದೆ. ಉತ್ತರ ಬದಲಾಗಲಿಲ್ಲ: ಫಲಕ ಎರಡು. ಕಾಕು ನನ್ನ ಹಾಳೆಯನ್ನೇ ನೋಡದೆ, “ಉಂಡ ಹೋಗು, ಹೊತ್ತಾತು,” ಎಂದರು.

ಮುಂದಿನ ವಾರ ಹೋದಾಗ ಮಾಳಿಗೆಯ ಮೇಲೆ ಒಂದೇ ಫಲಕವಿತ್ತು, ನಾನು ಹೇಳಿದ್ದರ ಅರ್ಧದಷ್ಟು ಸಣ್ಣದು. ಕೆಳಗೆ ಬ್ಯಾಟರಿ ಮೂರು. ಒಂದು ಹೊಸದು. ಇನ್ನೊಂದು ಅವರದೇ ಟ್ರ್ಯಾಕ್ಟರಿನದು. ಕಬ್ಬಿನ ಕಟಾವು ಮುಗಿದ ಮೇಲೆ ಟ್ರ್ಯಾಕ್ಟರಿಗೇನು ಕೆಲಸ, ಬ್ಯಾಟರಿ ಸುಮ್ಮನೆ ಯಾಕೆ ಕೂತಿರಬೇಕು ಎಂಬುದು ಕಾಕುವಿನ ವಿಚಾರ. ಮೂರನೆಯದು ಯಮಕನಮರಡಿಯ ತವರಿನಿಂದ ಬಂದದ್ದು. ಅವರ ತಮ್ಮನ ಲಾರಿಗಳು ಹೈವೇಯಲ್ಲಿ ಓಡುತ್ತಿದ್ದವು. ಲಾರಿಯಿಂದ ತೆಗೆದ ಹಳೆಯ ಬ್ಯಾಟರಿಯೊಂದನ್ನು ಕಾಕುವಿಗೆ ಕೊಟ್ಟಿದ್ದ. ಅಂಗಡಿಯವನು ಕೇಳಿದ್ದನ್ನು ಜೋಡಿಸಿಕೊಟ್ಟು ಹೋಗಿದ್ದ.

“ಕಾಕು, ಇದ ನಡಿಯೂದಿಲ್ರಿ,” ಎಂದೆ. ದನಿ ಏರಿತ್ತು.

“ದಿನಾ ಒಂದೀಟ ತುಂಬತೈತಿ. ಮಳಿ ಬರೂದ್ರಾಗ ತುಂಬತೈತಿ. ನಿನಗ ಗಡಬಡಿ ಭಾಳ.”

“ತುಂಬೂದಿಲ್ರಿ. ಇಷ್ಟ ಸಣ್ಣ ಪ್ಯಾನಲ್, ಇಷ್ಟ ದೊಡ್ಡ ಹೊಟ್ಟಿ. ಅರ್ಧಾ ಹೊಟ್ಟೀಲೆ ಇದ್ದೂ ಇದ್ದೂ ಒಳಗಿನ ಪ್ಲೇಟ ಬೆಳ್ಳಗ ಆಗಿ ಬ್ಯಾಟರಿ ಸಾಯತಾವ.”

“ಅರ್ಧಾ ಹೊಟ್ಟೀಲೆ ಯಾರೂ ಸಾಯೂದಿಲ್ಲ. ನಮ್ಮ ಸ್ವಾಮಿಗೋಳು ದಿನಕ್ಕ ಒಂದ ಹೊತ್ತ ಉಣ್ಣತಾರ.”

“ನಮ್ಮ ಮನ್ಯಾಗ ಈಗ... ಬ್ಯಾಟರಿ ಸಂತಿ,” ಎಂದರು ಕಾಕಾ. “ಹಲಿಗಿ ಒಂದ... ಉಣ್ಣಾವರ ಮೂರ ಮಂದಿ.”

ಕಾಕಾಗೆ ಅರ್ಥವಾಗಿತ್ತೇ ಎಂದು ಈಗ ಯೋಚಿಸುತ್ತೇನೆ. ಆಗ ಅದನ್ನು ಬರೀ ತಮಾಷೆ ಎಂದುಕೊಂಡೆ. ಅವರ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ, ಅಷ್ಟು ಹೊತ್ತು ತಾಳ್ಮೆ ಯಾರಿಗಿತ್ತು?

ಆ ಬೇಸಿಗೆಯೆಲ್ಲ ಕಾಕುವೇ ಗೆದ್ದರು. ದೀಪ ಉರಿದವು. ಅಕ್ಕಪಕ್ಕದ ತೋಟದವರು ಬಂದು ನೋಡಿ ಹೋದರು. ಕಾಕಾ ದಿನಕ್ಕೊಮ್ಮೆ ಮುಖವಾಡ ಹಾಕಿಕೊಂಡು, “ನಾ ವಿಮಾನಾ ಹಾರಸಾಕತ್ತೇನಿ,” ಎನ್ನುತ್ತಿದ್ದರು. ನಾನು ಹೋದಾಗಲೆಲ್ಲ ಕಾಕು ಗುಂಡಿ ಒತ್ತಿ ದೀಪ ಹಚ್ಚಿ ಆರಿಸಿ ತೋರಿಸುತ್ತಿದ್ದರು. ಹಾಡುಹಗಲಿನಲ್ಲಿ. “ಸತ್ತಾವೇನೋ ಬ್ಯಾಟರಿ? ನೋಡಿ ಹೇಳು.” ನಾನು ಆ್ಯಸಿಡ್ ಅಳೆಯುವ ಗಾಜಿನ ಕೊಳವೆಯನ್ನು ಕಾಲೇಜಿನಿಂದ ತಂದು ಬ್ಯಾಟರಿಗಳಿಗೆ ಇಳಿಸಿ ನೋಡಿದೆ. ಕೊಳವೆಯೊಳಗಿನ ತೇಲು ತುಂಬಿದ್ದರೆ ಹಸಿರು ಗೆರೆಗೆ ನಿಲ್ಲುತ್ತದೆ, ಖಾಲಿಯಾದರೆ ಕೆಂಪಿಗೆ. ಹೊಸದು ನಡುವಿನ ಬಿಳಿಯಲ್ಲಿತ್ತು, ಲಾರಿಯದು ಕೆಂಪಿನ ಹತ್ತಿರ. ಬೇಸಿಗೆಯ ನಡುವೆಯೇ ಈ ಸ್ಥಿತಿ. ತೋರಿಸಿದೆ. “ಹಸರಿಲ್ಲ ಅಂದರ ಏನಾತು, ಕೆಂಪಂತೂ ಅಲ್ಲಲ್ಲ,” ಎಂದರು. ಸಿಟ್ಟಿನಲ್ಲಿ ಉಣ್ಣದೆ ಹೊರಟೆ. ಕಾಲುವೆಯವರೆಗೂ ಅವರ ದನಿ ಹಿಂಬಾಲಿಸಿತು: “ರೊಟ್ಟಿ ಮ್ಯಾಲ ಸಿಟ್ಟ ಯಾಕೋ?”

ಅವರ ತಪ್ಪು ದಡ್ಡತನದ್ದಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕೆಣಕುತ್ತಿತ್ತು. ಜೀವಮಾನವಿಡೀ ಸರಿಯಾಗಿ ನಡೆದ ಒಂದು ವಿಚಾರವನ್ನು ಅವರು ಅದು ನಡೆಯದ ಜಾಗಕ್ಕೆ ಒಯ್ದಿದ್ದರು. ಅದನ್ನು ಅಲುಗಿಸಲು ನನ್ನ ಬಳಿ ಇದ್ದದ್ದು ಅಂಕಿಗಳು, ಅವರ ಬಳಿ ಇದ್ದದ್ದು ಕೆಡದ ಜೋಳ.

ಶ್ರಾವಣದಲ್ಲಿ ಮೋಡ ಕವಿದು ಕೂತಿತು. ಜೋರು ಮಳೆಯಲ್ಲ, ನಮ್ಮ ಕಡೆಯ ಜಿಟಿಜಿಟಿ. ಒಂದು ವಾರ ನೆರಳೇ ಬೀಳಲಿಲ್ಲ. ರವಿವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಕಾಕಾನಿಗೆ ಬೆಳಗಿನಿಂದಲೇ ಉಸಿರು ಸಾಲುತ್ತಿರಲಿಲ್ಲ. ಎರಡು ಸಲ ಮಶಿನ್ ಹಚ್ಚಿಯಾಗಿತ್ತು. ಮೂರನೆಯ ಸಲ ಹಚ್ಚಿದಾಗ ಅದರ ಗುರ್ರೆನ್ನುವ ಸದ್ದು ಸ್ವಲ್ಪ ಹೊತ್ತಿಗೇ ಇಳಿಯತೊಡಗಿತು. ಇನ್ವರ್ಟರ್ ಕೀಚ್ ಕೀಚ್ ಎಂದು ಕೂಗಿತು, ಆಮೇಲೆ ಎರಡೂ ನಿಂತವು. ಮುಖವಾಡದ ಹೊಗೆ ತೆಳುವಾಗಿ ಮಾಯವಾಯಿತು. ಕಾಕಾ ಮುಖವಾಡವನ್ನು ತೆಗೆಯಲಿಲ್ಲ. ಅದರ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದರು. ಭುಜಗಳು ಏರಿ ಇಳಿಯುತ್ತಿದ್ದವು.

ಕಾಕು ಗುಂಡಿಯನ್ನು ಒತ್ತಿ ಒತ್ತಿ ನೋಡಿದರು. “ತುಂಬಿಟ್ಟಿದ್ದು ಎಲ್ಲಿ ಹೋತೋ?” ಎಂದು ನನ್ನನ್ನೇ ಕೇಳಿದರು, ನಾನೇ ಕದ್ದವನ ಹಾಗೆ.

“ಆಮ್ಯಾಲ ಹೇಳತೇನ್ರಿ. ಟ್ರ್ಯಾಕ್ಟರ್ ತಗೀರಿ, ಮೊದಲ ಡಾಕ್ಟರ ಕಡೆ ನಡೀರಿ.”

ಟ್ರ್ಯಾಕ್ಟರಿನ ಆಳು ಓಡಿ ಹೋಗಿ ಸೀಟಿನ ಮೇಲೆ ಕೂತು, ಅಲ್ಲಿಂದಲೇ ಕೂಗಿದ: “ಬಾಯಾರ, ಇದರ ಬ್ಯಾಟರಿ ನಿಮ್ಮ ಕಡೆ ಐತೆಲ್ರಿ!”

ಆ ಬ್ಯಾಟರಿ ಉಳಿದೆರಡರ ಜೊತೆ ಸತ್ತು ಕೂತಿತ್ತು. ನನ್ನ ಸ್ಕೂಟರ್ ಕಪ್ಪು ಎರಿಮಣ್ಣಿನ ಕೆಸರಿನಲ್ಲಿ ಕಾಲುವೆಯಾಚೆಯೇ ನಿಂತಿತ್ತು. ಕಾಕುವಿನ ಮುಖ ಆಗ ಹೇಗಿತ್ತು ಎಂದು ನನಗೆ ನೆನಪಿಲ್ಲ. ಮುಖ್ಯವಾದದ್ದನ್ನೇ ನೆನಪು ಕೈಬಿಡುತ್ತದೆ. ಅವರು ಸೀರೆಯ ಕಚ್ಚೆ ಎತ್ತಿ ಕಟ್ಟಿದ್ದು ನೆನಪಿದೆ. “ತಳ್ಳೋಣ ಬರ್ರಿ,” ಎಂದದ್ದು ನೆನಪಿದೆ. ಕಾಕಾನನ್ನು ಎತ್ತಿ ಮೇಲೆ ಕೂರಿಸಿ, ನಾನು, ಕಾಕು, ಮಗ್ಗುಲ ತೋಟದಿಂದ ಕೂಗಿ ಕರೆದ ನಾಲ್ಕಾರು ಮಂದಿ ಸೇರಿ ಕಾಲುವೆಯ ಕಡೆಗಿನ ಇಳಿಜಾರಿಗೆ ತಳ್ಳಿದೆವು. ಕಾಲು ಹೂತವು. ಗಾಲಿ ಒಂದಿಷ್ಟು ಉರುಳುವುದು, ಕಚ್ಚಿಕೊಳ್ಳುವುದು. ಕಾಕಾ ಮೇಲೆ ಕೂತು ಬಾಯಿ ತೆರೆದು ಗಾಳಿಯನ್ನು ಹುಡುಕುತ್ತಿದ್ದರು. ಇಳಿಜಾರಿನ ಕೊನೆಯಲ್ಲಿ ಇಂಜಿನ್ ಕೆಮ್ಮಿ ಹತ್ತಿಕೊಂಡಿತು. ಅಲ್ಲಿ ಹತ್ತದಿದ್ದರೆ ಮುಂದೆಲ್ಲ ಏರು, ಅದನ್ನು ತಳ್ಳುವ ಶಕ್ತಿ ಯಾರಲ್ಲೂ ಇರಲಿಲ್ಲ.

ಕಾಕಾ ಉಳಿದರು. ಡಾಕ್ಟರ ಮಶಿನ್ನಿನ ಮುಂದೆ ಅವರ ತುಟಿಗೆ ನಿಧಾನವಾಗಿ ಬಣ್ಣ ಬಂತು. ಕಾಕು ಆಸ್ಪತ್ರೆಯ ಕಟ್ಟೆಯ ಮೇಲೆ ಮೊಣಕಾಲವರೆಗಿನ ಕೆಸರಿನಲ್ಲೇ ಕೂತಿದ್ದರು. ಹೊರಗೆ ಮೋಡದ ಹಿಂದೆ ಹೊತ್ತು ಮುಳುಗಿತು. ಬೆಳಗಿನಿಂದ ಉಂಡಿರಲಿಲ್ಲ, ಇನ್ನು ಉಣ್ಣುವಂತಿಲ್ಲ. ಅಲ್ಲಿಯೇ ಆ ಮಾತು ಬಂದದ್ದು:

“ನುಸಿ ಹತ್ತಿದ ಜ್ವಾಳಾ ಹೊಸಾ ಜ್ವಾಳದ ಮ್ಯಾಲ ಸುರವಿದರ ಏನಾಗತೈತಿ?”

ಲಾರಿಯ ಸತ್ತ ಬ್ಯಾಟರಿ ಹೊಸದನ್ನೂ ಹೀರಿ ಕೆಡಿಸಿತು ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಕಾಕುವಿಗೆ ಎಲ್ಲ ತಿಳಿಯಿತು. ನನ್ನ ಅಂಕಿಗಳು ಇಷ್ಟು ತಿಂಗಳಲ್ಲಿ ಮಾಡದ್ದನ್ನು ಈ ಒಂದು ಸಾಲು ಮಾಡಿತು. ಹಣೆಗೆ ಕೈ ಹೊಡೆದುಕೊಂಡು, “ಅಷ್ಟೂ ಕೆಡತೈತಿ,” ಎಂದರು. ಆಮೇಲೆ, “ಕಾಳ ಬಿಸಲ ಕಾಣದನ ತುಂಬಿದೆ ನಾನು,” ಎಂದರು. ಅದು ಸಣ್ಣ ಫಲಕದ ಬಗ್ಗೆ.

ಆ ಸಾಲನ್ನು ಹೇಳಿದವನು ನಾನು. ಹಾಗೆಂದು ಕೆಲವು ವರ್ಷ ನಂಬಿದ್ದೆ. ತರಗತಿಯಲ್ಲಿ ಬ್ಯಾಟರಿಯ ಪಾಠ ಬಂದಾಗಲೆಲ್ಲ ಈ ಕಥೆ ಹೇಳಿ, “ಆಗ ನಾನು ಅವರಿಗೆ ಅವರದೇ ಭಾಷೆಯಲ್ಲಿ ಹೇಳಿದೆ,” ಎನ್ನುತ್ತಿದ್ದೆ. ಬಳೆಯ ಜಗಳಕ್ಕೆ ಬಹಳ ಮೊದಲೇ ಅಕ್ಕ ಇದನ್ನೂ ಬಿಟ್ಟಿರಲಿಲ್ಲ. “ಅದನ್ನ ಕಾಕೂನ ಅಂದಿದ್ದರು. ನನಗ ಅವರ ಹೇಳ್ಯಾರ,” ಎಂದಳು. ಜೋಳ, ನುಸಿ, ಸುರಿಯುವುದು, ಇವು ನನ್ನ ಬಾಯಲ್ಲಿ ಬರುವ ಮಾತುಗಳೇ? ನಾನು ತೂತಿನ ಕೊಡ ಎಂದವನು. ವಿಚಾರ ಮಾಡಿದಷ್ಟೂ ನನ್ನ ಪಕ್ಷ ದುರ್ಬಲವಾಗುತ್ತಿತ್ತು.

ಆಮೇಲೆ ಎರಡು ದೊಡ್ಡ ಫಲಕ ಬಂದವು, ಬ್ಯಾಟರಿ ಹೊಸದು ಒಂದೇ. ಟ್ರ್ಯಾಕ್ಟರಿಗೆ ಅದರದು ಬೇರೆ. ಜಗಳ ಮುಗಿಯಿತೆಂದುಕೊಂಡೆ. ಮಧ್ಯಾಹ್ನದ ಮೇಲೆ ಬೇವಿನ ಟೊಂಗೆಯೊಂದರ ನೆರಳು ಫಲಕದ ಮೂಲೆಗೆ ಬೀಳುತ್ತಿತ್ತು. ಮೂಲೆಗೆ ಬಿದ್ದರೂ ಇಡೀ ಫಲಕ ಮಂಕಾಗುತ್ತದೆ. ಕಡಿಯಿರಿ ಎಂದೆ. ಚಾತುರ್ಮಾಸದಲ್ಲಿ ಹಸಿ ಟೊಂಗೆ ಕಡಿಯುವುದಿಲ್ಲ ಎಂದರು. ನನಗೆ ಮತ್ತೆ ರಕ್ತ ಕುದಿಯಿತು. “ಕಾಕಾನ ಉಸರ ಹೆಚ್ಚೋ, ಗಿಡದ ಟೊಂಗಿ ಹೆಚ್ಚೋ?” ಎಂದು ಕೂಗಿದೆ.

“ಎರಡೂ ಇರಲಿ,” ಎಂದು ಕಾಕು ಹಗ್ಗ ತಂದರು. ಆಳನ್ನು ಮರ ಹತ್ತಿಸಿ, ಟೊಂಗೆಯನ್ನು ಪಕ್ಕಕ್ಕೆ ಎಳೆಸಿ, ಕೆಳಗೆ ದನದ ಗೂಟಕ್ಕೆ ಕಟ್ಟಿದರು. ಆ ಬೇವಿನ ಮರ ಮುಂದೆ ಬಹಳ ಕಾಲ ತಲೆಗೂದಲನ್ನು ಒಂದು ಬದಿಗೆ ಬಾಚಿಕೊಂಡ ಹಾಗೆ ನಿಂತಿತ್ತು. ಗಾಳಿಗೆ ಹಗ್ಗ ಸಡಿಲಾದರೆ ನನಗೆ ಹೇಳಿಕಳಿಸುತ್ತಿರಲಿಲ್ಲ, ತಾವೇ ಬಿಗಿಯುತ್ತಿದ್ದರು. ನಾನು ಅವರಲ್ಲೇ ಬಿಟ್ಟಿದ್ದ ಗಾಜಿನ ಕೊಳವೆಯ ತೇಲು ಹಸಿರಿನಿಂದ ಕೂದಲೆಳೆ ಇಳಿದರೆ ಮಾತ್ರ ಹಾಲಿನವನ ಕೈಯಲ್ಲಿ ಗೋಕಾಕದವರೆಗೆ ಸುದ್ದಿ ಬರುತ್ತಿತ್ತು: ಬಂದು ಹೋಗಬೇಕಂತೆ.

ಇನ್ನೊಂದು ಪದ್ಧತಿ ಮಾಡಿದರು, ನನ್ನನ್ನು ಕೇಳದೆ. ಪಡುವಣಕ್ಕೆ ಕೈ ಚಾಚಿ ನಾಲ್ಕು ಬೆರಳು ಹೊತ್ತಿದೆ ಎಂದು ಕಂಡ ಕೂಡಲೇ, ರೊಟ್ಟಿಗೆ ಕರೆಯುವ ಮೊದಲು, ಕಾಕಾನಿಗೆ ಮಶಿನ್ ಹಚ್ಚುತ್ತಿದ್ದರು. ಡಾಕ್ಟರು ಹೇಳಿದ ದಿನದ ಔಷಧವೆಲ್ಲ ಬಿಸಿಲಿರುವಾಗಲೇ ಮುಗಿಯಬೇಕು. ಬ್ಯಾಟರಿಯಲ್ಲಿದ್ದದ್ದು ಕತ್ತಲಲ್ಲಿ ಅಡಚಣೆಯಾದರೆ ಮಾತ್ರ. “ಮಂದಿ ಉಣ್ಣೂದನ್ನ... ಹೊತ್ತ ಮುಳಗೂದ್ರಾಗ ಮುಗಸತಾರ,” ಎನ್ನುತ್ತಿದ್ದರು ಕಾಕಾ. “ನಮ್ಮ ಮನ್ಯಾಗ... ಉಸರಾಡೂದನ್ನೂ.” ನಾನು ಇದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆ ಮಳೆಗಾಲ, ಅದರ ಮುಂದಿನದು, ಅದರಾಚೆಯದು, ಯಾವುದರಲ್ಲೂ ಟ್ರ್ಯಾಕ್ಟರ್ ಬೇಕಾಗಲಿಲ್ಲ.

ಹೋಗಿದ್ದು ಕಾಕು, ಮೊದಲು. ಯಾರೂ ಎಣಿಸಿರಲಿಲ್ಲ. ಬೇಸಿಗೆಯಲ್ಲಿ ಹಗೇವಿಗೆ ಜೋಳ ತುಂಬಿಸಿ, ಬಾಯಿಗೆ ಮಣ್ಣು ಮೆತ್ತಿಸಿ, ದಣಿವಾಗಿದೆ ಎಂದು ಒಳಗೆ ಹೋಗಿ ಮಲಗಿದವರು ಏಳಲಿಲ್ಲವಂತೆ. ನಾನು ಪರೀಕ್ಷೆಯ ಕೆಲಸದಲ್ಲಿ ಬೇರೆ ಊರಿನಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಹಗೇವಿನ ಮೇಲಿನ ಮಣ್ಣು ಇನ್ನೂ ಒಣಗಿರಲಿಲ್ಲ. ಅಥವಾ ಒಣಗಿತ್ತೋ. ಮಣ್ಣಿನ ಮೇಲೆ ಬೆರಳಿನ ಗುರುತುಗಳಿದ್ದವು ಎಂದು ನನ್ನ ನೆನಪು ಹೇಳುತ್ತದೆ. ಇಂಥದ್ದನ್ನು ಸೇರಿಸುವುದು ಅದರ ಚಟ.

ಎರಡು ವರ್ಷದ ಮೇಲೆ ಕಂಬಗಳು ಕಾಲುವೆ ದಾಟಿದವು. ತೋಟದ ಮನೆಗೆ ಕರೆಂಟು ಬಂತು. ಕಾಕುವಿನ ತಮ್ಮನ ಮಗನೊಬ್ಬ ಹೆಂಡತಿಯೊಂದಿಗೆ ಬಂದು ಕಾಕಾನ ಜೊತೆ ಇದ್ದ. ನಾನು ಹೋದಾಗ ಸಂಜೆಯಾಗುತ್ತಿತ್ತು. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಮಶಿನ್ ಪಕ್ಕದಲ್ಲೇ ಇತ್ತು. ತಂತಿ ಹೊಸ ಮೀಟರಿನ ಕಡೆಗೆ ಹೋಗಿರಲಿಲ್ಲ, ಹಳೆಯ ಇನ್ವರ್ಟರಿನ ಕಡೆಗೇ ಹೋಗಿತ್ತು.

“ಈಗ ಲೈನ್ ಕರೆಂಟ್ ಐತೆಲ್ರಿ ಕಾಕಾ. ಯಾವಾಗ ಬೇಕಾದರೂ ಹಚ್ಚಬೋದು.”

“ಹೌದ... ಅಂತಾರ,” ಎಂದರು.

ಅಕ್ಕನ ಜೊತೆಗಿನ ಜಗಳವನ್ನು ಅವರ ಮುಂದಿಟ್ಟೆ. ಉಳಿದ ಸಾಕ್ಷಿ ಅವರೊಬ್ಬರೇ. ನುಸಿಯ ಮಾತು ಅಂದದ್ದು ನಾನೋ, ಕಾಕುವೋ?

ಕಾಕಾ ಬಹಳ ಹೊತ್ತು ನಕ್ಕರು, ಸದ್ದಿಲ್ಲದೆ. ಉಸಿರು ಕೂಡಿಸಿಕೊಂಡು ಹೇಳಿದರು: “ನೀನೂ ಅಲ್ಲ... ಆಕೀನೂ ಅಲ್ಲ. ಅಂದಾಂವ ನಾನು. ಮುಖಕ್ಕ ಮುಚ್ಚಿದ್ದ... ತಗದ ಅಂದೆ. ನೀವಿಬ್ರೂ... ಒದರ್ಯಾಡಾಕತ್ತಿದ್ರಿ. ಇಬ್ರೂ ಒಮ್ಮೆಲೆ ಸುಮ್ಮನಾದ್ರಿ... ಆಮ್ಯಾಲ ಇಬ್ರೂ... ನಂದ ಅಂದ್ರಿ.”

ಇದು ಸತ್ಯವೇ? ಅವರು ಮಶಿನ್ನಿನ ಮುಂದೆ ಒಳಗಿದ್ದರು, ನಾವು ಹೊರಗೆ ಕಟ್ಟೆಯ ಮೇಲಿದ್ದೆವು ಎಂದು ನನ್ನ ನೆನಪು. ಅವರಿಗೂ ವಯಸ್ಸಾಗಿತ್ತು, ತಮಾಷೆಯ ಚಟವೂ ಇತ್ತು. ಒರೆಗೆ ಹಚ್ಚಲು ಯಾವ ದಾರಿಯೂ ಇಲ್ಲ. ಸಾಲು ಒಂದು, ತನ್ನದೆನ್ನುವವರು ಮೂವರು. ಒಡೆಯ ಯಾರೆಂದು ಗೊತ್ತಾಗದೆ ನಾನು ಇವತ್ತಿಗೂ ಒದ್ದಾಡುತ್ತೇನೆ.

ಕಾಕಾ ಬಲಗೈಯನ್ನು ಪಡುವಣಕ್ಕೆ ಚಾಚಿದರು. ಒಂದು ಕಣ್ಣು ಮುಚ್ಚಿ ಬೆರಳು ಹಿಡಿದು ನೋಡಿ, ಬೇಸರದಿಂದ ಇಳಿಸಿದರು.

“ನನ್ನ ಬಟ್ಟ ದಪ್ಪ. ಆಕಿ ನಾಕ ಅಂದರ... ನನ್ನವು ಮೂರ ಆಗತಾವು. ದಿನಾ ಲೆಕ್ಕಾ ತಪ್ಪತೈತಿ. ನೀ ನೋಡಿ ಹೇಳು.”

ನಾನು ಕೈ ಚಾಚಿದೆ. ಚಾಚಿದ ಕೈಯಲ್ಲಿ ಗಡಿಯಾರವಿತ್ತು, ಅದನ್ನು ನೋಡಲಿಲ್ಲ. ಒಂದು ಕಣ್ಣು ಮುಚ್ಚಿ, ತೋರುಬೆರಳನ್ನು ಸೂರ್ಯನ ಅಡಿಗೆ ತಾಗಿಸಿ, ಕಿರುಬೆರಳು ಕಬ್ಬಿನ ಗೆರೆಗೆ ಇಳಿಯುವವರೆಗೆ ಕೈಯನ್ನು ಅಲುಗಿಸದೆ ಹಿಡಿದೆ. ಹಗ್ಗ ಕಟ್ಟಿದ್ದ ಬೇವಿನ ಟೊಂಗೆ ಬದಿಗೆ ಬಾಗಿಯೇ ಬೆಳೆದುಬಿಟ್ಟಿತ್ತು. ಫಲಕದ ಮೇಲೆ ನೆರಳಿರಲಿಲ್ಲ.

“ನಾಕ ಬಟ್ಟ ಐತ್ರಿ ಕಾಕಾ.”

“ಹಂಗಾರ ಚಾಲೂ ಮಾಡು,” ಎಂದರು ಮುಖವಾಡ ಏರಿಸಿಕೊಳ್ಳುತ್ತ. “ತಡಾ ಆದರ... ಬೈತಾಳ.”